ರಿಪೋರ್ಟ್ ನಾರ್ಮಲ್ ಐತಿ, ನೋವು ಖರೆ ಐತಿ

ಅಕ್ಕಾರ, ತಂಗೆವ್ವಾರ, ಈ ಸಲ ಚಟ್ನಿ, ಹಪ್ಪಳದ ಸುದ್ದಿ ಬಾಜೂಕ ಇಟ್ಟು ನನ್ನದೊಂದು ತಪ್ಪು ಹೇಳ್ಕೋತೀನಿ. ಓದಿ ಬೈರಿ, ಆದ್ರ ಪೂರ್ತಿ ಓದ್ರಿ.

ಆರು ವರ್ಷದ ಹಿಂದಿನ ಮಾತು. ನಮ್ಮ ಸಣ್ಣ ನೆಗೆಣ್ಣಿ ಮುಂಜಾನೆ ರೊಟ್ಟಿ ಬಡಿಯಾಕ ಕೂತ್ರ ನಾಲ್ಕು ರೊಟ್ಟಿಗೇ ಕೈ ಬಿಡ್ತಿದ್ಲು. "ಯಕ್ಕಾ, ರಟ್ಟಿ ಭಾಳ ಸೇದಾಕತ್ತಾವ, ಉಳದದ್ದು ಒಂದೀಟು ನೀವ ಬಡೀರಿ" ಅಂತಿದ್ಲು. ಹೊರಗ ನೋಡಿದ್ರ ಕೈ ಬಾತಿಲ್ಲ, ಜ್ವರ ಇಲ್ಲ, ಮೈಕೈ ಗಟ್ಟಿಮುಟ್ಟ. ಎಂಟು ತಾಸು ಮಲಗಿ ಎದ್ರೂ ರಾತ್ರಿಯೆಲ್ಲಾ ಹೊಲದಾಗ ದುಡದು ಬಂದವರಂಗ ಮುಖ. ಒಂದು ದಿನ ಬಟ್ಟಿ ಒಗಿಯೂ ಕಲ್ಲಿನ ಹಂತೇಕ ಬಾಜೂ ಮನಿ ಕಾಕಿ ಮುಂದ ನಾ ಅಂದೆ: "ನಮ್ಮಾಕಿ ಶುದ್ಧ ಮೈಗಳ್ಳಿ, ಕೆಲಸಂದ್ರ ಸಾಕು ನೋವು ಬರ್ತಾವ." ಹಿಂದ ತಿರುಗಿ ನೋಡಿದ್ರ ಆಕಿ ಬಕೆಟ್ ಹಿಡಕೊಂಡು ನಿಂತಿದ್ಲು. ಏನೂ ಅನ್ನಲಿಲ್ಲ. ಅವತ್ತ ಎಲ್ಲಾ ರೊಟ್ಟಿ ಒಬ್ಬಾಕೀನೇ ಬಡದ್ಲು. ಮರುದಿನ ಹಾಸಿಗಿಯಿಂದ ಏಳಾಕ ಆಗಲಿಲ್ಲ.

ಮೂರು ವರ್ಷ ಊರೂರು ಅಡ್ಡಾಡಿದ್ವಿ. ಎಕ್ಸರೇ ಛಲೋ, ರಕ್ತ ಛಲೋ. ಒಬ್ಬರು ವಾತ ಅಂದ್ರು, ಒಬ್ಬರು ರಕ್ತ ಕಡಿಮಿ ಅಂದ್ರು, ಒಬ್ಬರು ಬರೇ ಇಂಜೆಕ್ಷನ್ ಮಾಡಿ ಕಳಿಸಿದ್ರು. ಊರಾಗ ಕೆಲವರು ತಾಯತ ಕಟ್ಟಿಸ್ರಿ ಅಂದ್ರು. ರಿಪೋರ್ಟ್ ನಾರ್ಮಲ್ ಬಂದಷ್ಟೂ ಆಕಿ ಮ್ಯಾಲಿನ ನಮ್ಮ ಅನುಮಾನ ಹೆಚ್ಚಾತು. ಕಡೀಕ ವಿಜಯಪುರದಾಗ ಹಿರಿಯ ಡಾಕ್ಟರೊಬ್ಬರು ಅರ್ಧ ತಾಸು ಕೂಡ್ಸಿ ಕೇಳಿದ್ರು. ನಿದ್ದಿ ಹೆಂಗ ಬರತೈತಿ, ಮರವು ಐತೇನು, ಯಾವಾಗಿಂದ ಸುರು ಆತು ಅಂತ. ಆಮ್ಯಾಲ ಒಂದು ಹೆಸರು ಹೇಳಿದ್ರು: ಫೈಬ್ರೊಮಯಾಲ್ಜಿಯಾ. ಹೆಸರು ಕೇಳಿ ಆಕಿ ಅತ್ಲು. ಹೆದರಿ ಅಲ್ಲ. ತನ್ನ ನೋವಿಗೆ ಒಂದು ಹೆಸರು ಐತಿ ಅಂತ.

ಇದೇನು ಅಂದ್ರ, ಮೂರು ತಿಂಗಳಕ್ಕೂ ಹೆಚ್ಚು ದಿನ ಮೈತುಂಬ ನೋವು, ಎಷ್ಟು ಮಲಗಿದ್ರೂ ಹೋಗದ ದಣಿವು, ಆರಾಮ ಕೊಡದ ನಿದ್ದಿ, ಮನಸಿಗೆ ಮಂಜು ಕವದಂಗ ಮರವು. ಕೆಲವರಿಗೆ ತಲಿನೋವು, ಹೊಟ್ಟಿ ತ್ರಾಸೂ ಇರತೈತಿ. ಕೀಲು ಸವದಿರೂದಿಲ್ಲ, ಸ್ನಾಯು ಹರದಿರೂದಿಲ್ಲ. ಅದಕ್ಕ ಎಕ್ಸರೇದಾಗ ಕಾಣೂದಿಲ್ಲ. ನೋವಿನ ಸುದ್ದಿ ಒಯ್ಯೂ ನರ ಮತ್ತು ಮಿದುಳಿನ ವ್ಯವಸ್ಥೆ ಅತಿ ಸೂಕ್ಷ್ಮ ಆಗಿರತೈತಿ. ಟಿವಿ ಸಪ್ಪಳ ಯಾರೋ ಏರಿಸಿಟ್ಟಂಗ. ನಮಗ ಸಣ್ಣಗ ಕೇಳೂದು ಅವರಿಗೆ ಕಿವಿ ಒಡಿಯೂವಂಗ ಕೇಳತೈತಿ. ನೋವು ಮಿದುಳಿಗೆ ಖರೇನೇ ಮುಟ್ಟತೈತಿ. ನಾಟಕ ಅಲ್ಲ.

ಜಗತ್ತಿನ ಬೇರೆ ಬೇರೆ ಕಡೆ ಎಣಿಸಿದವರು ನೂರು ಮಂದ್ಯಾಗ ಸುಮಾರು 2ರಿಂದ 4 ಮಂದಿಗೆ ಇದು ಇರತೈತಿ ಅಂತಾರ, ಅವರಾಗ ಹೆಣಮಕ್ಕಳೇ ಹೆಚ್ಚು. 1990ರಾಗ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಮೈಮ್ಯಾಲ 18 ಜಾಗ ಗುರುತು ಮಾಡಿ, ಒತ್ತಿದಾಗ 11 ಕಡೆ ನೋವಾದ್ರ ಈ ರೋಗ ಅಂತ ಲೆಕ್ಕ ಹಾಕಿತ್ತು. 2010ರಾಗ ಆ ಪದ್ಧತಿ ಬದಲಿಸಿ ನೋವು ಎಲ್ಲೆಲ್ಲಿ, ನಿದ್ದಿ ಹೆಂಗ, ದಣಿವು ಎಷ್ಟು ಅಂತ ಕೇಳೂದಕ್ಕ ಬೆಲೆ ಕೊಟ್ರು. ಅಂದ್ರ ದೊಡ್ಡ ಡಾಕ್ಟರೂ ಈಗ ಮೊದಲು ಕೇಳಬೇಕಾದದ್ದು ಹೆಣಮಗಳ ಮಾತನ್ನ. ನಾವು ಮನ್ಯಾಗಿನವರು ಕೇಳದಿದ್ರ ಹೆಂಗ?

ಹಂಗಂತ ಎಲ್ಲಾ ಮೈನೋವೂ ಇದೇ ಅಂತ ತಿಳೀಬ್ಯಾಡ್ರಿ. ಹಿಮೋಗ್ಲೋಬಿನ್ ಕಡಿಮಿ ಆದ್ರೂ, ಥೈರಾಯ್ಡ್ ಇದ್ರೂ, ವಿಟಮಿನ್ ಡಿ ಕಡಿಮಿ ಆದ್ರೂ ಮೈ ಸೇದತೈತಿ. ಕೀಲು ಬಾತಿದ್ರ, ಜ್ವರ ಬರ್ತಿದ್ರ, ಸುಮ್ಸುಮ್ಕ ಮೈ ಇಳೀತಿದ್ರ ಅದು ಬ್ಯಾರೆ ರೋಗ ಇರಬಹುದು, ತಡ ಮಾಡಬ್ಯಾಡ್ರಿ. ಮೊದಲು ಮೆಡಿಸಿನ್ ಡಾಕ್ಟರಿಗೆ ತೋರಿಸ್ರಿ. ವಿಜಯಪುರದ ಜಿಲ್ಲಾ ಆಸ್ಪತ್ರಿಗೂ ಹೋಗಬಹುದು.

ಇನ್ನ ಗುಳಿಗಿ ಮಾತು. ನಮ್ಮಾಕಿಗೆ ರಾತ್ರಿ ಒಂದು ಸಣ್ಣ ಗುಳಿಗಿ ಬರದಿದ್ರು, ಅಮಿಟ್ರಿಪ್ಟಿಲಿನ್ ಅಂತ. ಊರಾಗಿನ ಓದಿದವರೊಬ್ಬರು ಮೊಬೈಲ್ ನೋಡಿ "ಇದು ಹುಚ್ಚಿನ ಗುಳಿಗಿ" ಅಂದ್ರು. ನಮ್ಮ ಅತ್ತಿ ಹೆದರಿ ಅದನ್ನ ಬಿಡಿಸಿದ್ರು. ನೋವು, ನಿದ್ದಿಗೇಡು ಮತ್ತ ತಿರುಗಿ ಬಂದ್ವು. ಆಮ್ಯಾಲ ಡಾಕ್ಟರು ತಿಳಿಸಿ ಹೇಳಿದ್ರು: ಈ ಔಷಧ ಖಿನ್ನತೆಗೆ ಕೊಡೂದು ಖರೆ, ಆದ್ರ ಸಣ್ಣ ಪ್ರಮಾಣದಾಗ ಕೊಟ್ರ ಇದು ನೋವು, ನಿದ್ದಿಗೆ ಕೆಲಸ ಮಾಡತೈತಿ. ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಅನ್ನೂ ಗುಳಿಗಿಗಳನ್ನೂ ಈ ನೋವಿಗೆ ಕೊಡ್ತಾರ. ಎಲ್ಲಾರಿಗೂ ಹತ್ತೂದಿಲ್ಲ. ಆದ್ರ ಡಾಕ್ಟರನ್ನ ಕೇಳದ ಸುರು ಮಾಡಬಾರದು, ಕೇಳದ ಬಿಡಲೂಬಾರದು. ಗುಳಿಗಿ ಹೆಸರು ಕೇಳಿ ನಮ್ಮ ಹೆಣಮಗಳಿಗೆ ಹೆಸರಿಡಬ್ಯಾಡ್ರಿ.

ಔಷಧಕ್ಕಿಂತ ಹೆಚ್ಚು ಆಧಾರ ಸಿಕ್ಕಿದ್ದು ವ್ಯಾಯಾಮಕ್ಕ. ಯುರೋಪಿನ ತಜ್ಞರು 2016ರ ಸಲಹಿಯೊಳಗ ಬಲವಾಗಿ ಶಿಫಾರಸು ಮಾಡಿದ್ದು ಅದೊಂದನ್ನೇ. ಇಲ್ಲಿ ಒಬ್ಬ ಅಕ್ಕಾರ ಕೇಳೇ ಕೇಳ್ತಾರ: "ನೀರು ತರತೀವಿ, ಕಸ ತಗೀತೀವಿ, ದ್ರಾಕ್ಷಿ ತೋಟದಾಗ ದಿನಾ ದುಡೀತೀವಿ, ಇನ್ನ್ಯಾವ ವ್ಯಾಯಾಮ?" ನಾನೂ ಇದನ್ನೇ ಕೇಳಿದ್ದೆ. ಕೂಲಿ ಬ್ಯಾರೆ, ವ್ಯಾಯಾಮ ಬ್ಯಾರೆ. ಕೂಲ್ಯಾಗ ಮೈ ಸಾಕು ಅಂದ್ರೂ ನಿಲ್ಲಾಕ ಬರೂದಿಲ್ಲ. ವ್ಯಾಯಾಮ ಅಂದ್ರ ಮೈ ತಡಿಯೂವಷ್ಟು ಮಾಡಿ, ಮೆಲ್ಲಕ ಏರಿಸೂದು. ನಮ್ಮಾಕಿ ಐದು ನಿಮಿಷ ನಡಿಯೂದರಿಂದ ಸುರು ಮಾಡಿದ್ಲು. ವಾರಕ್ಕ ಒಂದೀಟು ಹೆಚ್ಚು ಮಾಡಿ ಈಗ ಅರ್ಧ ತಾಸು ನಡೀತಾಳ.

ಇನ್ನೊಂದು ದೊಡ್ಡ ತಪ್ಪು ಒಳ್ಳೆ ದಿನದ್ದು. ನೋವು ಕಡಿಮಿ ಇದ್ದ ದಿನ ಹಾಸಿಗಿ-ಹೊದಿಕಿ ಒಗದು, ಕಾಳು ಹಸನ ಮಾಡಿ, ಹಿಟ್ಟು ಬೀಸಿಸಿ, ಎಲ್ಲಾ ಮುಗಿಸಿಬಿಡೂದು. ಆಮ್ಯಾಲ ಮೂರು ದಿನ ಮಲಗೂದು. ಮನಿಯವರು ಏನಂತೀವಿ? "ನಿನ್ನಿ ಅಷ್ಟು ಮಾಡಿದಾಕಿಗೆ ಇವತ್ತೇನಾತು?" ಆ ಮಾತಿಗೆ ಅಂಜೇ ಆಕಿ ನಿನ್ನಿ ಅಷ್ಟು ಮಾಡಿರ್ತಾಳ. ಕೆಲಸ ಹಂಚಿ, ನಡು ನಡುವ ಕುಂತು ಮಾಡಿದ್ರ ಮರುದಿನಕ್ಕೂ ಶಕ್ತಿ ಉಳೀತೈತಿ.

"ನಾವೇನು ನೋವು ತಿಂದಿಲ್ಲೇನು? ಹಡದ ಹನ್ನೆರಡು ದಿನಕ್ಕ ಹೊಲಕ್ಕ ಹೋಗೀವಿ" ಅಂತಾರ ಹಿರಿಯಾರ. ಖರೆ ಐತಿ ಯವ್ವಾ. ನಿಮ್ಮ ನೋವನ್ನೂ ಅವತ್ತ ಯಾರೂ ಕೇಳಲಿಲ್ಲ. ಅದು ಅನ್ಯಾಯ. ನಮಗ ಆದದ್ದು ಸೊಸ್ಯಾರಿಗೂ ಆಗಲಿ ಅಂದ್ರ ಆ ಅನ್ಯಾಯಕ್ಕ ನಾವೇ ನೀರು ಹಾಕಿದಂಗ. ನಿಮ್ಮಾಗೂ ಎಷ್ಟು ಮಂದಿ ಇದೇ ರೋಗ ಹೊತಗೊಂಡು ಮೈಗಳ್ಳಿ ಅನ್ನಿಸಿಕೊಂಡು ಹೋದರೋ, ಯಾರಿಗೆ ಗೊತ್ತು?

ರೊಕ್ಕ ಇದ್ದವರಿಗೂ ಇದು ಬಿಟ್ಟಿಲ್ಲ. ಅಮೆರಿಕದ ಹಾಡುಗಾರ್ತಿ ಲೇಡಿ ಗಾಗಾ ತನಗ ಫೈಬ್ರೊಮಯಾಲ್ಜಿಯಾ ಐತಿ ಅಂತ 2017ರಾಗ ಹೇಳಿ, ಯುರೋಪಿನ ಕಾರ್ಯಕ್ರಮ ಮುಂದ ಹಾಕಿದ್ಲು. ಆಕಿ ಆಗೂದಿಲ್ಲ ಅಂದ್ರ ಪೇಪರದಾಗ ಬರತೈತಿ. ನಮ್ಮಾಕಿ ಲಗ್ನಕ್ಕ ಬರಾಕ ಆಗೂದಿಲ್ಲ ಅಂದ್ರ ಸೊಕ್ಕು ಅಂತೀವಿ.

ನಮ್ಮ ದೇಶದಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ತರದ ಅಂಗವೈಕಲ್ಯ ಪಟ್ಟಿ ಮಾಡೈತಿ. ಅದರಾಗ ಈ ರೋಗದ ಹೆಸರಿಲ್ಲ. ಸರಕಾರ ಇದನ್ನ ನೋಡಬೇಕು ಅಂತ ಕೇಳೂಣ. ಅಲ್ಲೀತನಕಾ ಇಂಥವರಿಗೆ ಆಸರ ಅಂದ್ರ ಮನಿ ಮತ್ತು ಓಣಿ. ಮನಸು ಕುಗ್ಗಿದ್ರ 14416ಕ್ಕ ಫೋನ್ ಹಚ್ಚಬಹುದು. ಅದು ಸರಕಾರದ ಟೆಲಿ ಮಾನಸ್, ರೊಕ್ಕ ಬೀಳೂದಿಲ್ಲ. ಮನಸು ಕುಗ್ಗೇತಿ ಅಂದ್ರ ನೋವು ಸುಳ್ಳು ಅಂತ ಅರ್ಥ ಅಲ್ಲ. ವರ್ಷಗಟ್ಟಲೆ ನೋವುಂಡ್ರ ಯಾರ ಮನಸೂ ಕುಗ್ಗತೈತಿ.

ಮೇ 12 ಈ ರೋಗದ ಜಾಗೃತಿ ದಿನ. ನಮ್ಮಲ್ಲಿ ಬಿಸಲು ನೆತ್ತಿ ಸುಡೂ ಕಾಲ, ಲಗ್ನದ ಕಾಲ. ಮೆರವಣಿಗಿ ಏನೂ ಬ್ಯಾಡ. ಅವತ್ತ ನಿಮ್ಮ ಮನ್ಯಾಗ, ಓಣ್ಯಾಗ "ಮೈ ಸೇದತೈತಿ" ಅನ್ನೂ ಒಬ್ಬಾಕಿ ಹಂತೇಕ ಕುಂಡ್ರಿ. ಎಲ್ಲಿ ಸೇದತೈತಿ, ನಿದ್ದಿ ಬಂತೇನು ಅಂತ ಕೇಳ್ರಿ. ಎದ್ದು ಬರೂ ಮುಂದ ಆಕಿ ಕೈಯಾಗಿನ ಒಂದು ಕೆಲಸ ಮಾಡಿ ಬರ್ರಿ.

ನಮ್ಮಾಕಿಗೆ ಪೂರ್ತಿ ಆರಾಮ ಆಗಿಲ್ಲ, ಆಗತೈತಿ ಅಂತ ಡಾಕ್ಟರೂ ಹೇಳಿಲ್ಲ. ಛಲೋ ದಿನ ಹೆಚ್ಚಾಗ್ಯಾವ, ಅಷ್ಟ. ಈಗ ನಾನು, ಆಕಿ, ಆಕಿ ಗಂಡ ಮೂವರೂ ರೊಟ್ಟಿ ಪಾಳಿ ಹಚ್ಚೀವಿ. ನಮ್ಮ ಮೈದುನಂದು ಇನ್ನೂ ದುಂಡಗ ಆಗೂದಿಲ್ಲ, ಆದ್ರೂ ತಿಂತೀವಿ. ಬಟ್ಟಿ ಒಗಿಯೂ ಕಲ್ಲಿನ ಹಂತೇಕ ನಾ ಅಂದ ಮಾತಿಗೆ ಹ್ವಾದ ವರ್ಷ ಕ್ಷಮಾ ಕೇಳಿದೆ. "ನೀವು ಮರತಿದ್ದೀರಿ ಅನಕೊಂಡಿದ್ದೆ ಯಕ್ಕಾ" ಅಂದ್ಲು. ಆಕಿ ಮರತಿರಲಿಲ್ಲ.