ಥಿನ್ನರ್ ದಾಸ್ತಾನು ಮತ್ತು ಜನವಸತಿ

2023ರ ನವೆಂಬರ್ 13ರಂದು ಹೈದರಾಬಾದಿನ ನಾಂಪಲ್ಲಿಯ ವಸತಿ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿ ಕೂಡಿಟ್ಟಿದ್ದ ರಾಸಾಯನಿಕದ ಪೀಪಾಯಿಗಳಿಗೆ ಬೆಂಕಿ ತಗುಲಿ, ಮೇಲೆ ವಾಸವಾಗಿದ್ದ ಒಂಬತ್ತು ಮಂದಿ ಅಸುನೀಗಿದರು. ಮೂರು ತಿಂಗಳು ಕಳೆದು, 2024ರ ಫೆಬ್ರವರಿ 15ರಂದು, ದಿಲ್ಲಿಯ ಅಲೀಪುರದಲ್ಲಿ ಬಣ್ಣದ ಕಾರ್ಖಾನೆಯೊಂದು ಹೊತ್ತಿ ಉರಿದು ಹನ್ನೊಂದು ಮಂದಿ ಬಲಿಯಾದರು. ಜ್ವಾಲೆ ನೆರೆಯ ಕಟ್ಟಡಗಳಿಗೂ ಹಬ್ಬಿತು. ಬೇಗನೆ ಉರಿಯುವ ವಸ್ತುಗಳ ದಾಸ್ತಾನೂ ಜನವಸತಿಯೂ ಒಂದೆಡೆ ಇರಕೂಡದೆಂಬ ಪಾಠವನ್ನು ಈ ಎರಡು ದುರಂತಗಳೂ ಸಾರಿವೆ. ಆ ಪಾಠವನ್ನು ನಾವು ಕಲಿತಿದ್ದೇವೆಯೇ?

ಇಂಥ ವಸ್ತುಗಳಲ್ಲಿ ನಮ್ಮ ಪೇಟೆಗಳಿಗೆ ಅತ್ಯಂತ ಪರಿಚಿತವಾದುದು ಬಣ್ಣವನ್ನು ತೆಳುಗೊಳಿಸುವ ಥಿನ್ನರ್. ಎನಾಮೆಲ್ ಬಣ್ಣಕ್ಕೆ ಬೆರೆಸುವ ಮಿನರಲ್ ಟರ್ಪೆಂಟೈನ್ ಕಚ್ಚಾ ತೈಲದಿಂದ ಬಟ್ಟಿಯಿಳಿಸಿದ ದ್ರಾವಕ. ಇಲ್ಲಿ ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ, ನೆಲದ ಮೇಲೆ ಹರಿದು ಮೆಟ್ಟಿಲ ಬುಡದಲ್ಲಿಯೂ ಚರಂಡಿಯಲ್ಲಿಯೂ ತಂಗುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದು ಪಾಲು ಆವಿ ಬೆರೆತರೂ ಕಿಡಿಯೊಂದು ಅದನ್ನು ಹೊತ್ತಿಸಬಲ್ಲದು. ಅಮೆರಿಕದ ಲೂಯಿವಿಲ್ ನಗರದಲ್ಲಿ 1981ರ ಫೆಬ್ರವರಿ 13ರಂದು, ಸೋಯಾ ಕಾರ್ಖಾನೆಯೊಂದರಿಂದ ಒಳಚರಂಡಿಗೆ ಸೇರಿದ ಹೆಕ್ಸೇನ್ ದ್ರಾವಕದ ಆವಿ ಸ್ಫೋಟಿಸಿ, ಸುಮಾರು ಮೂರು ಕಿಲೋಮೀಟರು ಉದ್ದದ ಬೀದಿಗಳು ಛಿದ್ರವಾದವು.

1934ರ ಪೆಟ್ರೋಲಿಯಂ ಕಾಯಿದೆಯು ಇಂಥ ದ್ರವಗಳನ್ನು, ಅವುಗಳ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯನ್ನನುಸರಿಸಿ ವಿಂಗಡಿಸಿದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತಿಕೊಳ್ಳುವವು 'ಎ' ವರ್ಗ. ಅಲ್ಲಿಂದ 65 ಡಿಗ್ರಿಯೊಳಗಿನವು 'ಬಿ' ವರ್ಗ. 'ಎ' ವರ್ಗದ ಪೆಟ್ರೋಲು, ಹೆಕ್ಸೇನ್‌ಗಳನ್ನು ಮಾರಾಟಕ್ಕಲ್ಲದೆ 30 ಲೀಟರಿನವರೆಗೆ ಮಾತ್ರ ಪರವಾನಗಿಯಿಲ್ಲದೆ ಇಡಬಹುದು. 'ಬಿ' ವರ್ಗದ ಮಿನರಲ್ ಟರ್ಪೆಂಟೈನನ್ನಾದರೋ, ಯಾವ ಪಾತ್ರೆಯೂ 1000 ಲೀಟರನ್ನು ಮೀರದಿದ್ದರೆ, ಒಂದೆಡೆ 2500 ಲೀಟರಿನವರೆಗೆ ಈ ಕಾಯಿದೆಯ ಪರವಾನಗಿಯಿಲ್ಲದೆಯೇ ಇಡಬಹುದು. ಎಂದರೆ, ಇನ್ನೂರು ಲೀಟರಿನ ಹನ್ನೆರಡು ಪೀಪಾಯಿಗಳು!

ವಿಂಗಡಣೆ ಶಾಸ್ತ್ರೀಯವೇ ಸರಿ. ಆದರೆ ನಮ್ಮ ಬೇಸಗೆ ಅದನ್ನು ಮನ್ನಿಸುವುದಿಲ್ಲ. ಹೈದರಾಬಾದು, ದಿಲ್ಲಿಗಳಲ್ಲಿ ತಗಡಿನ ಮಾಡಿನಡಿಯ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಅಪರೂಪವಲ್ಲ. ಆ ದಿನಗಳಲ್ಲಿ, 30ರಿಂದ 40 ಡಿಗ್ರಿಯ ಆಸುಪಾಸಿನಲ್ಲಿ ಹೊತ್ತಿಕೊಳ್ಳುವ ಟರ್ಪೆಂಟೈನು 'ಎ' ವರ್ಗದ ದ್ರವದಂತೆಯೇ ಒಂದು ಕಿಡಿಗಾಗಿ ಕಾದಿರುತ್ತದೆ. ಆದುದರಿಂದ ಈ ರಿಯಾಯಿತಿಯು ವಸತಿ ಕಟ್ಟಡಗಳಿಗೆ ಅನ್ವಯಿಸದಂತೆ ಕಾಯಿದೆಯನ್ನು ತಿದ್ದುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಸಣ್ಣ ವ್ಯಾಪಾರಿಗಳಿಗೆ ಇದರಿಂದ ತೊಂದರೆಯಾದೀತೆಂಬ ಆಕ್ಷೇಪ ಬರಬಹುದು. ದಿನದ ಮಾರಾಟಕ್ಕೆ ಬೇಕಾದಷ್ಟನ್ನು ಅಂಗಡಿಯಲ್ಲಿಟ್ಟು, ಉಳಿದುದನ್ನು ಊರಾಚೆಯ ಗೋದಾಮಿನಲ್ಲಿಡಲು ನಗರಸಭೆಗಳು ಸ್ಥಳ ಕಲ್ಪಿಸಿದರೆ ಆ ತೊಂದರೆಯೂ ಬಹುಮಟ್ಟಿಗೆ ನಿವಾರಣೆಯಾದೀತು.

ಕಾಯಿದೆ ತಿದ್ದುವವರೆಗೆ ಜನರೂ ಕೈಕಟ್ಟಿ ಕೂಡಲಾಗದು. ಥಿನ್ನರ್ ಬಳಸುವಾಗ ಕಿಟಕಿಗಳನ್ನು ತೆರೆದಿಡಬೇಕು. ಒಲೆ, ಬೀಡಿ, ವಿದ್ಯುತ್ ಕಿಡಿ ಯಾವುದೂ ಸಮೀಪವಿರಬಾರದು. ಅದರಲ್ಲಿ ನೆನೆದ ಚಿಂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು. ಉಳಿದುದನ್ನು ಚರಂಡಿಗೆ ಸುರಿಯಬಾರದು. ಬೆಂಕಿ ಬಿದ್ದರೆ ನೀರೆರಚುವುದು ಅವಿವೇಕ. ಥಿನ್ನರ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹಬ್ಬಿಸುತ್ತದೆ. ಮರಳು ಅಥವಾ ಪುಡಿಯ ಅಗ್ನಿಶಾಮಕವೇ ಸರಿ. ನೀರಿನ ಬಾಟಲಿಯಲ್ಲಂತೂ ಅದನ್ನು ತುಂಬಿಡಲೇಬಾರದು. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೊಯ್ಯಬೇಕು. ವಾಂತಿಯ ವೇಳೆ ದ್ರಾವಕ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ.

ಪರಸ್ಥಳದಲ್ಲಿ ಬಾಡಿಗೆಯ ಮನೆ ಹುಡುಕುವ ನಮ್ಮವರು ನೀರಿನ ಅನುಕೂಲವನ್ನು ಕೇಳುತ್ತಾರೆ, ಮುಂಗಡದ ಹಣವನ್ನು ಕೇಳುತ್ತಾರೆ, ರೈಲು ನಿಲ್ದಾಣದ ದೂರವನ್ನು ಕೇಳುತ್ತಾರೆ. ಕೆಳಗಿನ ಮಳಿಗೆಯಲ್ಲಿ ಏನಿದೆಯೆಂದು ಕೇಳುವವರು ವಿರಳ. ಇನ್ನು ಮುಂದೆ ಅದನ್ನೂ ಕೇಳೋಣ. ಉತ್ತರ ಸಮಾಧಾನಕರವಾಗಿರದಿದ್ದರೆ ನೆರೆಹೊರೆಯವರೊಡನೆ ಕೂಡಿ ಅಗ್ನಿಶಾಮಕ ದಳಕ್ಕೆ ಲಿಖಿತ ದೂರು ಕೊಡೋಣ. ಬಾಡಿಗೆದಾರನಿಗೆ ಅಷ್ಟು ಅಧಿಕಾರವೂ ಇಲ್ಲವೆಂದು ಯಾರೂ ಹೇಳಲಾರರು.