ನೀರಿಗೆಂದೇ ಊರಿಗೆ ಬಂದವರು

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಇರುವುದು ನೀರು. ಈ ಸರಳ ಸಂಗತಿಯನ್ನು ಬದಿಗಿಟ್ಟು ‘ಕ್ರಾಫ್ಟ್ ಬಿಯರ್’ ಉದ್ಯಮದ ಕುರಿತು ಆಡುವ ಮಾತೆಲ್ಲ ಬರಿಯ ನೊರೆ. ದೊಡ್ಡ ಕಂಪನಿಗಳ ಹಿಡಿತಕ್ಕೆ ಸಿಗದೆ, ಸಣ್ಣ ಪ್ರಮಾಣದಲ್ಲಿ, ಆಯಾ ಊರಿನ ಅಭಿರುಚಿಗೆ ತಕ್ಕಂತೆ ತಯಾರಾಗುವ ಬಿಯರು ಎಂಬುದು ಅದರ ಬಗೆಗಿನ ಪ್ರಚಾರದ ವ್ಯಾಖ್ಯೆ. ಹೊಗೆಯಿಲ್ಲ, ಗಣಿಯಿಲ್ಲ, ಮರ ಉರುಳುವುದಿಲ್ಲ. ಗುಡ್ಡಗಾಡಿಗೆ ಇದಕ್ಕಿಂತ ಸೌಮ್ಯವಾದ ಕೈಗಾರಿಕೆ ಬೇರೆ ಯಾವುದಿದ್ದೀತು ಎಂದು ಕೇಳುವವರು ಪರಿಸರಪ್ರಿಯರ ನಡುವೆಯೂ ಇದ್ದಾರೆ. ಅಂಥವರು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮದ ಮಲೆಗಳಲ್ಲಿ 2012ರಿಂದೀಚೆಗೆ ನಡೆದುದನ್ನು ಒಮ್ಮೆ ಕಣ್ಣು ತೆರೆದು ನೋಡಬೇಕು.

ಅಪಲೇಚಿಯನ್ ಪರ್ವತಶ್ರೇಣಿಗೆ ಸೇರಿದ ಬ್ಲೂ ರಿಜ್ ಬೆಟ್ಟಗಳ ನಡುವೆ ಆಶ್‌ವಿಲ್ ಎಂಬ ಪಟ್ಟಣವಿದೆ. ಜನಸಂಖ್ಯೆ ಒಂದು ಲಕ್ಷಕ್ಕೂ ಕಡಿಮೆ. ಮದ್ಯನಿಷೇಧದ ಕಾಲದ ನಂತರ ಅಲ್ಲಿ ಕಾನೂನುಬದ್ಧವಾಗಿ ಬಿಯರು ತಯಾರಿಸಿದ ಮೊದಲ ಸಂಸ್ಥೆ ಹೈಲ್ಯಾಂಡ್. ಆಸ್ಕರ್ ವಾಂಗ್ ಎಂಬ ಇಂಜಿನಿಯರು 1994ರಲ್ಲಿ ಪಾನಗೃಹವೊಂದರ ನೆಲಮಾಳಿಗೆಯಲ್ಲಿ ಅದನ್ನು ಆರಂಭಿಸಿದರು. 2005ರಲ್ಲಿ ರಾಜ್ಯವು ಬಿಯರಿನ ಮದ್ಯಾಂಶದ ಮಿತಿಯನ್ನು ಶೇಕಡಾ 6ರಿಂದ 15ಕ್ಕೆ ಏರಿಸಿದ ಮೇಲೆ ಸಣ್ಣ ತಯಾರಕರು ಒಬ್ಬರ ಹಿಂದೊಬ್ಬರು ತಲೆಯೆತ್ತಿದರು. ಊರಿನವರು ಕಟ್ಟಿದ ಈ ಮಾರುಕಟ್ಟೆ ಹದಕ್ಕೆ ಬಂದ ಹೊತ್ತಿಗೆ ಹೊರರಾಜ್ಯದವರ ಕಣ್ಣು ಅದರ ಮೇಲೆ ಬಿತ್ತು. 2012ನೆಯ ಇಸವಿ ಒಂದರಲ್ಲೇ ಮೂರು ಕಂಪನಿಗಳು ಈ ಬೆಟ್ಟಗಳನ್ನು ಆರಿಸಿಕೊಂಡವು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಕಂಪನಿಯು ಆಶ್‌ವಿಲ್‌ನ ದಕ್ಷಿಣಕ್ಕಿರುವ ಮಿಲ್ಸ್ ರಿವರ್ ಎಂಬ ಕೃಷಿಕರ ಕಣಿವೆಯನ್ನೂ, ಕೊಲರಾಡೊದ ನ್ಯೂ ಬೆಲ್ಜಿಯಂ ಕಂಪನಿಯು ಆಶ್‌ವಿಲ್‌ನಲ್ಲಿಯೇ ಫ್ರೆಂಚ್ ಬ್ರಾಡ್ ನದಿಯ ದಂಡೆಯನ್ನೂ, ಅದೇ ಕೊಲರಾಡೊದ ಆಸ್ಕರ್ ಬ್ಲೂಸ್ ಕಂಪನಿಯು ಸಮೀಪದ ಬ್ರೆವರ್ಡ್ ಪಟ್ಟಣವನ್ನೂ ಹಿಡಿದವು.

ಏಕೆ ಬಂದರು ಎಂಬುದರಲ್ಲಿ ಗುಟ್ಟೇನಿಲ್ಲ. ದೇಶದ ಪೂರ್ವ ಕರಾವಳಿಯ ಗಿರಾಕಿಗೆ ಪಶ್ಚಿಮದಿಂದ ಸಾವಿರಾರು ಕಿಲೋಮೀಟರು ಬಿಯರು ಸಾಗಿಸುವುದೆಂದರೆ ಬಹುಪಾಲು ನೀರನ್ನೇ ಸೀಸೆಗೆ ತುಂಬಿ ಲಾರಿಯಲ್ಲಿ ಹೊರಿಸಿದಂತೆ. ಆ ಖರ್ಚು ಉಳಿಯಬೇಕಾದರೆ ಗಿರಾಕಿಯ ಸಮೀಪದಲ್ಲಿಯೇ ಒಳ್ಳೆಯ ನೀರು ಸಿಗಬೇಕು. ಬೆಟ್ಟದ ಮೃದುವಾದ, ನಿರ್ಮಲವಾದ ನೀರು ಅಲ್ಲಿತ್ತು. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ನಮ್ಮ ಗಾದೆ ಇಲ್ಲಿ ತಲೆಕೆಳಗಾಗಿದೆ. ಇವರು ನೀರಿಗೆಂದೇ ಊರಿಗೆ ಬಂದವರು.

ಆ ನೀರು ಹಾಗೆ ನಿರ್ಮಲವಾಗಿ ಉಳಿದದ್ದು ಹೇಗೆ? ಇದನ್ನು ಯಾವ ಬಿಯರ್ ಸೀಸೆಯ ಚೀಟಿಯೂ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಪಲೇಚಿಯನ್ ಕಾಡುಗಳು ಗರಗಸಕ್ಕೆ ಸಿಕ್ಕಿ ಬೋಳಾಗುತ್ತಿದ್ದವು. ಮಿಲ್ಸ್ ನದಿಯ ದಕ್ಷಿಣ ಕವಲು ಹುಟ್ಟುವ ಪಿಂಕ್ ಬೆಡ್ಸ್ ಎಂಬ ಎತ್ತರದ ಕಣಿವೆಯಲ್ಲಿಯೇ ಕಾರ್ಲ್ ಶೆಂಕ್ ಎಂಬ ಜರ್ಮನ್ ಅರಣ್ಯತಜ್ಞ, 1898ರಲ್ಲಿ ತಾನು ಆರಂಭಿಸಿದ ದೇಶದ ಮೊದಲ ಅರಣ್ಯಶಾಲೆಯ ಪಾಠಗಳನ್ನು ನಡೆಸುತ್ತಿದ್ದ. 1911ರ ವೀಕ್ಸ್ ಕಾಯಿದೆಯು ನದಿಮೂಲಗಳ ರಕ್ಷಣೆಗಾಗಿ ಖಾಸಗಿ ಕಾಡನ್ನು ಸರಕಾರ ಕೊಂಡುಕೊಳ್ಳಲು ದಾರಿ ಮಾಡಿಕೊಟ್ಟಿತು. ಆ ಕಾಯಿದೆಯ ಬಲದಿಂದ ವ್ಯಾಂಡರ್‌ಬಿಲ್ಟ್ ಮನೆತನದ ಸುಮಾರು 86 ಸಾವಿರ ಎಕರೆ ಸರಕಾರದ ಕೈಸೇರಿತು; 1916ರಲ್ಲಿ ಪಿಸ್ಗಾ ರಾಷ್ಟ್ರೀಯ ಅರಣ್ಯ ಹುಟ್ಟಿತು. ಮಿಲ್ಸ್ ನದಿಯ ಮೇಲ್ಭಾಗ ಇರುವುದು ಆ ಅರಣ್ಯದ ಮಡಿಲಲ್ಲಿ. ಆಶ್‌ವಿಲ್ ನಗರವು ತನ್ನ ಜಲಾಶಯಗಳ ಸುತ್ತಲಿನ ಸುಮಾರು 20 ಸಾವಿರ ಎಕರೆ ಕಾಡನ್ನು ತನ್ನದೇ ಒಡೆತನದಲ್ಲಿಟ್ಟುಕೊಂಡು, ಯಾರೂ ಕೈಯಿಡದಂತೆ ಕಾದುಕೊಂಡು ಬಂದಿದೆ.

ನಲ್ಲಿಯ ನೀರಿನ ಬಿಲ್ಲಿನಲ್ಲಿ ಕೊಳವೆ, ಪಂಪು, ಶುದ್ಧೀಕರಣಗಳ ಲೆಕ್ಕವಿರುತ್ತದೆ. ನೂರು ವರ್ಷ ಬೆಟ್ಟವನ್ನು ಬೋಳಾಗದಂತೆ ಕಾಯ್ದ ಸಾರ್ವಜನಿಕ ಹಣದ ಲೆಕ್ಕ ಯಾವ ಬಿಲ್ಲಿನಲ್ಲಿದೆ? ಇಲ್ಲಿ ನಿಜವಾದ ಬಂಡವಾಳ ಹೂಡಿದವರು ನಾಲ್ಕು ತಲೆಮಾರಿನ ತೆರಿಗೆದಾರರು. ಆದರೂ ‘ಹೂಡಿಕೆದಾರರು’ ಎಂದು ಹಾರ ಹಾಕಿಸಿಕೊಂಡವರು ಬೇರೆಯವರು. ನ್ಯೂ ಬೆಲ್ಜಿಯಂ ಬರುವುದಕ್ಕೆ ರಾಜ್ಯ, ಕೌಂಟಿ, ನಗರಸಭೆಗಳು ಮೂರೂ ಪ್ರೋತ್ಸಾಹಧನದ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದವು. ಎರಡು ದಶಕ ಯಾರ ಹಂಗೂ ಇಲ್ಲದೆ ಬೆಳೆದ ಊರಿನ ಸಣ್ಣ ತಯಾರಕ ಇದನ್ನು ನೋಡಿ ಏನೆಂದುಕೊಂಡಿರಬೇಕು!

‘ಸ್ಥಳೀಯ’ ಎಂಬ ಪದವನ್ನು ಕೃಷಿಯ ಒರೆಗಲ್ಲಿಗೆ ಹಚ್ಚಿದರೆ ಉಳಿಯುವುದು ಅಲ್ಪ. ಅಮೆರಿಕದ ಮಾಲ್ಟಿನ ಜವೆಗೋಧಿ ಬೆಳೆಯುವುದು ಮುಖ್ಯವಾಗಿ ಇಡಾಹೊ, ಮಾಂಟಾನಾ, ಉತ್ತರ ಡಕೋಟಾಗಳ ಒಣ ಹವೆಯ ಬಯಲುಗಳಲ್ಲಿ. ತೇವ ತುಂಬಿದ ಆಗ್ನೇಯ ರಾಜ್ಯಗಳಲ್ಲಿ ತೆನೆಗೆ ಫ್ಯುಸೇರಿಯಂ ಬೂಷ್ಟು ತಗಲುತ್ತದೆ. ಅದು ಬಿಡುವ ವಿಷದ ಅಂಶ ಕಾಳಿನಲ್ಲಿ ಮಿತಿ ಮೀರಿದರೆ ಮಾಲ್ಟಿನವರು ಕೊಳ್ಳುವುದಿಲ್ಲ. ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಬಳ್ಳಿಯ ಕತೆಯೂ ಇಷ್ಟೆ. ಹೂ ಕಟ್ಟುವ ಮುನ್ನ ಎತ್ತರಕ್ಕೆ ಹಬ್ಬಲು ಅದಕ್ಕೆ ಬೇಸಿಗೆಯ ದೀರ್ಘ ಹಗಲು ಬೇಕು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆ 46ನೆಯ ಅಕ್ಷಾಂಶದ ಮೇಲಿದೆ, ಆಶ್‌ವಿಲ್ 35ರ ಮೇಲೆ. ಹಗಲು ಕುಗ್ಗಿದಷ್ಟೂ ಇಳುವರಿ ಕುಗ್ಗುತ್ತದೆ. ಅದೇ ಮಿಲ್ಸ್ ರಿವರ್‌ನಲ್ಲಿರುವ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದ ತೋಟಗಾರಿಕಾ ಸಂಶೋಧನಾ ಕೇಂದ್ರ ಹಾಪ್ಸ್ ತಳಿಗಳನ್ನು ಪರೀಕ್ಷೆಗೆ ಒಡ್ಡಿದೆ. ಆ ಶ್ರಮ ಮೆಚ್ಚತಕ್ಕದ್ದೇ. ಆದರೆ ಕಾರ್ಖಾನೆಗಳ ಹಂಡೆಗಳು ಆ ಫಲಿತಾಂಶಕ್ಕಾಗಿ ಕಾಯುತ್ತ ಕೂರಲಿಲ್ಲ. ಕಾಳು ಹೊರಗಿನದು, ಬಳ್ಳಿ ಹೊರಗಿನದು, ಯಂತ್ರ ಹೊರಗಿನದು, ಲಾಭವೂ ಹೊರಗಿನದು. ಊರಿನದೆಂದು ಹೇಳಬಹುದಾದದ್ದು ನೀರೊಂದೇ. ಅದೂ ಒಂದು ಲೀಟರ್ ಬಿಯರಿಗೆ ಒಂದೇ ಲೀಟರ್ ಅಲ್ಲ. ತೊಳೆಯುವುದು, ತಣಿಸುವುದು, ಆವಿಯಾಗಿಸುವುದು ಎಲ್ಲ ಸೇರಿ ಸಾಮಾನ್ಯವಾಗಿ ನಾಲ್ಕರಿಂದ ಏಳು ಲೀಟರ್ ಬೇಕು.

ಬೇರೆ ದಾರಿ ಇರಲಿಲ್ಲವೆನ್ನುವಂತಿಲ್ಲ. 2010ರಲ್ಲಿ ಆಶ್‌ವಿಲ್‌ನಲ್ಲಿಯೇ ರಿವರ್‌ಬೆಂಡ್ ಎಂಬ ಸಣ್ಣ ಮಾಲ್ಟ್ ಮನೆ ಹುಟ್ಟಿತು. ಆಗ್ನೇಯ ರಾಜ್ಯಗಳ ರೈತರಿಂದ ಥರೋಬ್ರೆಡ್ ಎಂಬ ಆರು ಸಾಲಿನ ಚಳಿಗಾಲದ ಜವೆಗೋಧಿಯನ್ನು ಕೊಂಡು, ನೆಲದ ಮೇಲೆ ಹರವಿ, ಕೈಯಿಂದ ಮಗುಚಿ ಮೊಳಕೆ ಬರಿಸಿದರು. ಪ್ರೋತ್ಸಾಹಧನದ ದೊಡ್ಡ ಕಟ್ಟು ಹೋಗಬೇಕಾಗಿದ್ದುದು ಇಂಥ ಕಡೆಗೆ.

ಹೊರಗಿನಿಂದ ಬಂದವರಾದರೂ ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಂತಲ್ಲ, ನೌಕರರೇ ಒಡೆಯರಾಗಿರುವ ಸಂಸ್ಥೆ ಎಂಬುದು ನ್ಯೂ ಬೆಲ್ಜಿಯಂ ಪರವಾಗಿ ಕೇಳಿಬರುತ್ತಿದ್ದ ಮಾತು. 2016ರಲ್ಲಿ ಅದರ ಬಾಗಿಲು ತೆರೆಯಿತು. 2019ರ ಕೊನೆಗೆ ಕಂಪನಿ ಜಪಾನಿನ ಕಿರಿನ್ ಸಮೂಹದ ಪಾಲಾಯಿತು. ಮೂರೇ ವರ್ಷ! ಆಸ್ಕರ್ ಬ್ಲೂಸ್ ಸೇರಿದ್ದ ಕೂಟವನ್ನು 2022ರಲ್ಲಿ ಮಾನ್‌ಸ್ಟರ್ ಎಂಬ ಪಾನೀಯ ಕಂಪನಿ ಕೊಂಡಿತು. ಪಕ್ಕದ ವರ್ಜೀನಿಯಾದಲ್ಲಿ ರಿಚ್ಮಂಡ್ ನಗರವು ಸಾಲಪತ್ರ ಮಾರಿ ಕ್ಯಾಲಿಫೋರ್ನಿಯಾದ ಸ್ಟೋನ್ ಕಂಪನಿಗೆ ಕಾರ್ಖಾನೆ ಕಟ್ಟಿಸಿಕೊಟ್ಟಿತ್ತು. 2022ರಲ್ಲಿ ಸ್ಟೋನ್ ಜಪಾನಿನ ಸಪ್ಪೊರೊ ಕೈಗೆ ಹೋಯಿತು. ಅದೇ ರಾಜ್ಯದ ರೋನೋಕ್ ಪಟ್ಟಣಕ್ಕೆ ಬರುವುದಾಗಿ 2016ರಲ್ಲಿ ಸಾರಿದ ಒರೆಗಾನಿನ ಡೆಶೂಟ್ಸ್ ಕಂಪನಿ ಅಲ್ಲಿ ಕಾರ್ಖಾನೆಯನ್ನು ಕಟ್ಟಲೇ ಇಲ್ಲ. ಊರಿನದೇ ಆದ ವಿಕೆಡ್ ವೀಡ್ 2017ರಲ್ಲಿ ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಗೆ ಮಾರಾಟವಾಯಿತು ಎಂಬುದನ್ನೂ ಹೇಳಬೇಕು. ಆಸೆಗೆ ಒಳನಾಡು ಹೊರನಾಡು ಎಂಬ ಭೇದವಿಲ್ಲ. ಸಿಯೆರಾ ನೆವಾಡಾ ಮಾತ್ರ ಇಂದಿಗೂ ಒಂದು ಕುಟುಂಬದ ಒಡೆತನದಲ್ಲಿಯೇ ಇದೆ. ಕೊಳಕು ನೀರನ್ನು ತಾನೇ ಸಂಸ್ಕರಿಸುವ, ಬಿಸಿಲಿನಿಂದ ವಿದ್ಯುತ್ತು ಪಡೆಯುವ ಅದರ ಕಾರ್ಖಾನೆ ಅಚ್ಚುಕಟ್ಟಾದದ್ದು. ನ್ಯೂ ಬೆಲ್ಜಿಯಂ ಕೂಡ ಹಸಿರು ಹೊಲ ಕೆಡಿಸದೆ ಹಾಳುಬಿದ್ದ ಹಳೆಯ ದನದ ಸಂತೆಯ ನೆಲದಲ್ಲಿ ಕಟ್ಟಿತು. ಇಲ್ಲಿ ಪ್ರಶ್ನೆ ಕಾರ್ಖಾನೆಯ ಅಚ್ಚುಕಟ್ಟುತನದ್ದಲ್ಲ, ಅದರ ಮೇಲೆ ಊರಿಗಿರುವ ಹಿಡಿತದ್ದು.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಈ ಬೆಟ್ಟಗಳ ಮೇಲೆ ಸುರಿಯಿತು. ಫ್ರೆಂಚ್ ಬ್ರಾಡ್ ನದಿ 1916ರ ಮಹಾಪೂರದ ದಾಖಲೆಯನ್ನೂ ಮೀರಿ ಉಕ್ಕಿತು. ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಜಲಾಶಯದಿಂದ ಆಶ್‌ವಿಲ್‌ಗೆ ಬರುವ ಹಿರಿಕೊಳವೆಗಳು ಕೊಚ್ಚಿಹೋದವು, ಜಲಾಶಯದ ನೀರೇ ಕೆಸರಾಯಿತು. ನಲ್ಲಿಯಲ್ಲಿ ಮತ್ತೆ ಕುಡಿಯುವ ನೀರು ಬಂದದ್ದು ನವೆಂಬರ್ 18ಕ್ಕೆ, 53 ದಿನಗಳ ನಂತರ. ಹೊರಗಿನ ಒಡೆಯನಿಗೆ ಇಂಥ ಹೊತ್ತಿನಲ್ಲಿ ಬೇರೆ ರಾಜ್ಯದ ಹಂಡೆಯಿರುತ್ತದೆ. ಊರಿಗೆ ಬೇರೆ ಬೆಟ್ಟವಿರುವುದಿಲ್ಲ.

ಬೆಂಗಳೂರಿನ ಪಾನಗೃಹಗಳಲ್ಲಿಯೂ ಈಗ ಇದೇ ಕ್ರಾಫ್ಟ್ ಬಿಯರಿನ ಸಂಭ್ರಮ. 2024ರ ಬೇಸಿಗೆಯಲ್ಲಿ ಹನಿ ನೀರಿಗೆ ಪರದಾಡಿದ ಆ ನಗರಕ್ಕೆ, ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರಿನ ಹೊಸ ಯೋಜನೆ ಉದ್ಘಾಟನೆಯಾಯಿತು. ಕಾವೇರಿ ಹುಟ್ಟುವುದು ಕೊಡಗಿನ ಕಾಡಿನಲ್ಲಿ. ಆದ್ದರಿಂದ ಬೆಟ್ಟದ ತಪ್ಪಲಿಗೆ ನಾಳೆ ಯಾವ ಸೌಮ್ಯ ಕೈಗಾರಿಕೆ ಬಂದು ಗ್ರಾಮಸಭೆಯ ಬಾಗಿಲು ತಟ್ಟಿದರೂ ಮೂರು ಮಾತು ಬರವಣಿಗೆಯಲ್ಲಿ ಆಗಬೇಕು. ನೀರಿನ ದರದಲ್ಲಿ ಕಾಡು ಕಾಯುವ ವೆಚ್ಚ ಸೇರಿರಬೇಕು. ಬರದ ವರ್ಷ ಮೊದಲು ಮುಚ್ಚುವುದು ಕಾರ್ಖಾನೆಯ ನಲ್ಲಿಯಾಗಿರಬೇಕು. ಒಡೆತನ ಕೈಬದಲಾದ ದಿನ, ಊರು ಕೊಟ್ಟ ರಿಯಾಯಿತಿಯೆಲ್ಲ ಬಡ್ಡಿ ಸಹಿತ ಊರಿಗೆ ಮರಳಬೇಕು.