ತಜ್ಞರನ್ನು ಕೇಳಿ ಎಂದರೆ ಸಾಲದು

ಒಂದು ಸೆಟ್ಟಿಂಗಿನ ವಿವರಣೆಯಲ್ಲಿ ಅದರಿಂದಾಗುವ ಕೆಲಸವನ್ನು ಹೇಳಿದರೆ ಸಾಕೇ? ಸಾಲದು. ಅದರಿಂದ ಯಾರಿಗೆ ತೊಂದರೆಯಾಗಬಹುದು ಎಂಬುದನ್ನೂ ಹೇಳಲೇಬೇಕು. ಲಿನಕ್ಸ್ ಕರ್ನಲ್‌ನಲ್ಲಿದ್ದ ‘ಟಿಸಿಪಿ_ಟಿಡಬ್ಲ್ಯೂ_ರೀಸೈಕಲ್’ ಎಂಬ ಸೆಟ್ಟಿಂಗಿನ ಕಥೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಟಿಸಿಪಿ ಸಂಪರ್ಕವನ್ನು ಮೊದಲು ಮುಚ್ಚಿದ ಲಿನಕ್ಸ್ ಯಂತ್ರ ಅದರ ಗುರುತನ್ನು ಇನ್ನೂ 60 ಸೆಕೆಂಡು ಉಳಿಸಿಕೊಳ್ಳುತ್ತದೆ. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕದೊಳಗೆ ನುಸುಳದಿರಲೆಂದು ಮಾಡಿದ ಏರ್ಪಾಡು ಇದು; ಹೆಸರು ಟೈಮ್-ವೇಟ್. ದಟ್ಟಣೆಯ ಸರ್ವರ್‌ಗಳಲ್ಲಿ ಇಂಥವು ಸಾವಿರಗಟ್ಟಲೆ ಸೇರುತ್ತವೆ. ಇದನ್ನು ಕಂಡು ಗಾಬರಿಯಾದ ನಿರ್ವಾಹಕರು ಕರ್ನಲ್‌ನ ದಾಖಲೆ ತೆರೆದರೆ, ಈ ಸೆಟ್ಟಿಂಗು ಟೈಮ್-ವೇಟ್ ಸಾಕೆಟ್‌ಗಳನ್ನು ಬೇಗ ಮರುಬಳಕೆಗೆ ಬಿಡುತ್ತದೆ, ತಜ್ಞರ ಸಲಹೆಯಿಲ್ಲದೆ ಬದಲಿಸಬೇಡಿ ಎಂದಷ್ಟೇ ಇತ್ತು. ಯಾಕೆ ಬದಲಿಸಬಾರದು ಎಂಬುದಿರಲಿಲ್ಲ.

ಈ ಸೆಟ್ಟಿಂಗನ್ನು ಆನ್ ಮಾಡಿದರೆ ಕರ್ನಲ್ ಪ್ರತಿಯೊಂದು ಐಪಿ ವಿಳಾಸದಿಂದ ಬಂದ ಪ್ಯಾಕೆಟ್‌ಗಳ ಕೊನೆಯ ಸಮಯದ ಗುರುತನ್ನು, ಅಂದರೆ ಟೈಮ್‌ಸ್ಟ್ಯಾಂಪನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಹಿಂದಿನದು ಬಂದರೆ ಸದ್ದಿಲ್ಲದೆ ಬಿಸಾಡುತ್ತಿತ್ತು. ಆದರೆ ಒಂದು ಹಾಸ್ಟೆಲ್ಲಿನ ಎಲ್ಲ ಫೋನುಗಳೂ ನ್ಯಾಟ್ ಎಂಬ ವಿಳಾಸ ಬದಲಿಸುವ ವ್ಯವಸ್ಥೆಯ ಮೂಲಕ ಒಂದೇ ವಿಳಾಸದಿಂದ ಹೊರಬರುತ್ತವೆ. ಒಂದೊಂದರ ಟೈಮ್‌ಸ್ಟ್ಯಾಂಪೂ ಬೇರೆ ಬೇರೆ. ಹಾಗಾಗಿ ಒಬ್ಬರಿಗೆ ಪುಟ ತೆರೆದುಕೊಂಡರೆ ಪಕ್ಕದವರಿಗೆ ತೆರೆದುಕೊಳ್ಳುತ್ತಿರಲಿಲ್ಲ. ಆ ಕಡೆ ಸರ್ವರ್ ನೋಡಿಕೊಳ್ಳುವವರ ಕಣ್ಣಿಗೆ ಬೀಳುತ್ತಿದ್ದುದು ಟೈಮ್-ವೇಟ್ ಸಂಖ್ಯೆ ಇಳಿದದ್ದು ಮಾತ್ರ. ಉಪಾಯ ಫಲಿಸಿತೆಂದೇ ಅವರು ತಿಳಿಯುತ್ತಿದ್ದರು. ಲಾಭ ಒಬ್ಬರಿಗೆ ಕಂಡು ನಷ್ಟ ಇನ್ನೊಬ್ಬರ ಪಾಲಾಗುವ ಇಂಥ ಕಡೆ ಅನುಭವ ಪಾಠ ಕಲಿಸುವುದಿಲ್ಲ. ಬರಹವೇ ಕಲಿಸಬೇಕು.

ಕೋಡ್ ಬರೆಯುವವರಿಗೆ ಪುರುಸೊತ್ತಿಲ್ಲ, ಟಿಸಿಪಿಯ ಪಾಠವನ್ನೆಲ್ಲ ದಾಖಲೆಯಲ್ಲಿ ತುಂಬಲಾಗದು ಎನ್ನುವವರಿದ್ದಾರೆ. ಪಾಠ ಬೇಕಿರಲಿಲ್ಲ. ಇದೇ ಸೆಟ್ಟಿಂಗಿನ ಬಗ್ಗೆ ಲಿನಕ್ಸ್‌ನ ಮ್ಯಾನ್ (ಕೈಪಿಡಿ) ಪುಟವು ನ್ಯಾಟ್ ಇರುವಲ್ಲಿ ತೊಂದರೆಯಾಗುತ್ತದೆ, ಬಳಸಬೇಡಿ ಎಂದು ಒಂದೇ ವಾಕ್ಯದಲ್ಲಿ ಹೇಳಿತ್ತು. ‘ತಜ್ಞರನ್ನು ಕೇಳಿ’ ಎಂಬುದು ಎಚ್ಚರಿಕೆಯಂತೆ ಕಂಡರೂ ಅದರಲ್ಲಿ ಮಾಹಿತಿಯಿಲ್ಲ. ರಾತ್ರಿ ಸರ್ವರ್ ಕೈಕೊಟ್ಟಾಗ ಎದುರಿಗಿರುವ ನಿರ್ವಾಹಕನೇ ಅಲ್ಲಿನ ತಜ್ಞ. ಅವನು ಇನ್ನಾರನ್ನು ಕೇಳಬೇಕು?

2017ರಲ್ಲಿ, 4.12ನೇ ಆವೃತ್ತಿಯಲ್ಲಿ, ಈ ಸೆಟ್ಟಿಂಗನ್ನೇ ಕಿತ್ತುಹಾಕಿದರು. ಆದರೆ ಅದರ ಜೊತೆಯ ‘ಟಿಸಿಪಿ_ಟಿಡಬ್ಲ್ಯೂ_ರೀಯೂಸ್’ ಉಳಿಯಿತು. ತಜ್ಞರ ಸಲಹೆಯಿಲ್ಲದೆ ಬದಲಿಸಬೇಡಿ ಎಂಬ ಸಾಲೂ ಅದರ ವಿವರಣೆಯಲ್ಲಿ ಉಳಿಯಿತು.